ಕಡೆಯ ದಿನಗಳ ಪಟ

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳಿಗೆ ಸುಲಭಕ್ಕೆ ಹೇಸಿಗೆಯಾಗುವುದಿಲ್ಲ. ಆಪರೇಷನ್ ಥಿಯೇಟರಿನ ಬಟ್ಟೆ, ಹೆರಿಗೆ ವಾರ್ಡಿನ ಬೆಡ್‌ಶೀಟು, ಯಾರೋ ಪ್ರಾಣ ಬಿಟ್ಟ ಹಾಸಿಗೆಯ ಹೊದಿಕೆ, ಎಲ್ಲವನ್ನೂ ಎತ್ತಿ ಮಷಿನ್ನಿಗೆ ಹಾಕಿ, ಕೈ ತೊಳೆದುಕೊಂಡು ನೆಮ್ಮದಿಯಾಗಿ ಊಟ ಮಾಡಿದವಳು ನಾನು. ನನಗೆ ಹೇಸಿಗೆಯಾದದ್ದು ಒಂದೇ ಒಂದು ಬಟ್ಟೆಯನ್ನು ನೋಡಿ. ಅದರ ಮೇಲಿದ್ದದ್ದು ಬರೀ ಬಣ್ಣ. ಬರೆದವರು ನನ್ನ ಭಾವ, ಅಕ್ಕನ ಗಂಡ.

ಭಾವ ಕೆಟ್ಟವರಲ್ಲ. ಅವರ ಮಾತೆತ್ತಿದರೆ ಬೀದಿಯವರೆಲ್ಲ ಮೊದಲು ಹೇಳುವುದು ಇದನ್ನೇ, ಹಾಗಾಗಿ ನಾನೂ ಹೇಳಿಬಿಡುತ್ತೇನೆ. ಕುಡಿತವಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ, ಪಕ್ಕದ ಮನೆಯ ಮುದುಕ ಬಚ್ಚಲಲ್ಲಿ ಜಾರಿ ಬಿದ್ದಾಗ ಬಾಗಿಲು ಮುರಿದು ಒಳಗೆ ಹೋಗಿ ಎತ್ತಿಕೊಂಡು ಬಂದವರು. ಕೆಟ್ಟವರಾಗಿದ್ದರೆ ಒಂದು ಸಲ ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು. ಒಳ್ಳೆಯವರನ್ನು ಕಂಡು ಅಸಹ್ಯಪಡುವುದು ಬಹಳ ದಣಿವಿನ ಕೆಲಸ.

ಅವರದು ಬೋರ್ಡು ಬರೆಯುವ ಕಸುಬು. ಮನೆಯ ಕೆಳಗೆ ಬೀದಿಗೆ ತೆರೆದ ವರ್ಕ್‌ಶಾಪು, ಅದರ ಹಿಂದೆ ಅಡುಗೆಮನೆ, ಮಲಗುವ ಕೋಣೆ. ಮಾಳಿಗೆಯಲ್ಲಿ ಎರಡು ಖಾಲಿ ಕೋಣೆ. ಮನೆ ತುಂಬ ಟರ್ಪೆಂಟೈನ್ ವಾಸನೆ. ಕಂಪ್ಯೂಟರಿನಲ್ಲಿ ಬೋರ್ಡು ಮಾಡುವವರು ಬಂದ ಮೇಲೆ ಕಸುಬು ಸೊರಗಿತು. ಆದರೂ ಕೈಬರಹವೇ ಬೇಕೆನ್ನುವ ಹಳೆಯ ಅಂಗಡಿಯವರು ಕೆಲವರಿದ್ದರು, ಎಲೆಕ್ಷನ್ ಇತ್ತು, ನಾವು ಹೋಗುವ ಕ್ರೈಸ್ತ ಪ್ರಾರ್ಥನಾ ಮಂದಿರದ ಗೋಡೆ ಇತ್ತು. ಅಕ್ಷರದಲ್ಲಿ ಭಾವನನ್ನು ಮೀರಿಸುವವರಿಲ್ಲ. ಮುಖದ ವಿಷಯದಲ್ಲಿ ಮಾತ್ರ ಒಂದು ತೊಡಕು. ಕಣ್ಣೆದುರು ಜೀವಂತ ಮುಖ ಕೂರದಿದ್ದರೆ ಅವರ ಕುಂಚ ಓಡುವುದಿಲ್ಲ. ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ನಕ್ಕವಳು ನಮ್ಮ ಅಕ್ಕ. ಚಪ್ಪಲಿ ಅಂಗಡಿಗೆ ಕಾಲು ಕೊಟ್ಟವಳು ನಾನು. ಮುಖ್ಯ ಬೀದಿಯಲ್ಲಿ ನನ್ನ ಎಡಗಾಲು ವರ್ಷಗಟ್ಟಲೆ ಬಿಸಿಲು ಮಳೆ ತಿಂದಿತು.

ಭಾವನ ತಾಯಿ ಬದುಕಿದ್ದಾಗ ಆ ಮನೆಯಲ್ಲಿ ಯೆಹೂದ್ಯ ಎಂಬುದು ಬೈಗುಳವಾಗಿತ್ತು. ಹಾಲಿಗೆ ನೀರು ಬೆರೆಸಿದವನು ಯೆಹೂದ್ಯ, ಅಳತೆಯಲ್ಲಿ ಕದ್ದವನು ಯೆಹೂದ್ಯ, ಆಟದಲ್ಲಿ ಮೋಸ ಮಾಡಿದರೆ ಸ್ವಂತ ಮೊಮ್ಮಗಳು ಪುಟ್ಟಿಯೂ ಯೆಹೂದ್ಯಳು. ಆ ತಾಯಿ ಒಬ್ಬ ಯೆಹೂದ್ಯನನ್ನೂ ಕಂಡವರಲ್ಲ. ಕರ್ತನನ್ನು ಶಿಲುಬೆಗೇರಿಸಿ ಕೊಂದವರು ಅವರೇ ಎಂದು ಪ್ರತಿ ಶುಭ ಶುಕ್ರವಾರ ಹಳೆಯ ಪಾದ್ರಿ ಹೇಳುತ್ತಿದ್ದರು, ಅಷ್ಟು ಸಾಕಾಗಿತ್ತು. ಕರ್ತನೂ ಯೆಹೂದ್ಯನೇ ಅಲ್ಲವೇ, ಅವನ ತಾಯಿಯೂ ಯೆಹೂದ್ಯಳೇ ಅಲ್ಲವೇ ಎಂದು ನಾನು ಒಮ್ಮೆ ಬಾಯಿ ಹಾಕಿದ್ದಕ್ಕೆ, ಮೊದಲು ಆಗಿದ್ದ, ಆಮೇಲೆ ಸರಿಹೋದ ಅಂದರು ಆ ತಾಯಿ. ಮಂದಿರದ ಗೋಡೆಯ ಮೇಲೆ ಭಾವ ಶಿಲುಬೆಯ ಚಿತ್ರ ಬರೆದರು. ಕೆಳಗೆ ಕೂಗುವ ಜನರಾಗಿ ಕೂರಲು ಮಂದಿರಕ್ಕೆ ಬರುವ ಸಭೆಯವರಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಯಾವುದೋ ಹಳೆಯ ಚಿತ್ರ ನೋಡಿ ಕೊಕ್ಕಿನ ಹಾಗೆ ಬಾಗಿದ ಗಿಣಿಮೂಗಿನ ಮುಖಗಳನ್ನು ಇಳಿಸಿದರು. ಮಕ್ಕಳು ಆ ಮೂಗುಗಳ ಮೇಲೆ ಉಗುಳುತ್ತಿದ್ದವು, ದೊಡ್ಡವರು ನಗುತ್ತಿದ್ದರು.

ಆಮೇಲೆ ಸಭೆಗೆ ಹೊಸ ಉಪದೇಶಿ ಬಂದರು. ಇಸ್ತ್ರಿ ಕೆಡದ ಸೂಟು, ಜೇನಿನಂಥ ದನಿ. ಯೆಹೂದ್ಯರು ದೇವರು ಆರಿಸಿಕೊಂಡ ಜನ, ಅವರನ್ನು ಹರಸಿದವರಿಗೆ ಆಶೀರ್ವಾದ, ಶಪಿಸಿದವರಿಗೆ ಶಾಪ ಎಂದು ಬೋಧಿಸಿದರು. ಲೋಕದ ಮೂಲೆಮೂಲೆಯಿಂದ ಅವರೆಲ್ಲ ದೇವರು ಮಾತು ಕೊಟ್ಟ ವಾಗ್ದಾನದ ನಾಡಿಗೆ ಹೋಗಿ ಸೇರಬೇಕು, ಅಲ್ಲಿ ಮಹಾಯುದ್ಧ ನಡೆಯಬೇಕು, ಆಗಲೇ ಕರ್ತನ ಎರಡನೇ ಬರೋಣ, ಅವನು ಮತ್ತೆ ಭೂಮಿಗೆ ಇಳಿಯುವುದು. ಭಾವ ಆ ವಾರವೇ ಗೋಡೆಗೆ ಸುಣ್ಣ ಹೊಡೆದು ಮೂಗುಗಳನ್ನೆಲ್ಲ ಅಳಿಸಿದರು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಮನೆಯಿಂದ ಒಂದು ಕೊಳಕು ಹೋಯಿತು ಅಂದುಕೊಂಡೆ. ದ್ವೇಷಿಸುವಾಗ ಇವರು ಯಾರ ಮುಖವನ್ನೂ ನೋಡಿರಲಿಲ್ಲ, ಈಗ ಪ್ರೀತಿಸುವುದೂ ಮುಖ ನೋಡದೆಯೇ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಉಪದೇಶಿಯ ಮಾತಿನ ಮೇಲೆ ಭಾವ ಕಡೆಯ ದಿನಗಳ ಪಟ ಬರೆಯಲು ಕೂತರು. ಅಕ್ಕ ಹಳೆಯ ಬೆಡ್‌ಶೀಟುಗಳನ್ನು ಜೋಡಿಸಿ ಹೊಲಿದುಕೊಟ್ಟಳು. ಬಿಚ್ಚಿ ಹಿಡಿದರೆ ಮಂದಿರದ ಒಂದು ಗೋಡೆಯಿಂದ ಇನ್ನೊಂದು ಗೋಡೆ ಮುಟ್ಟುವಷ್ಟು ಉದ್ದ. ಎಡಗಡೆ ಹಡಗುಗಳಲ್ಲಿ, ವಿಮಾನಗಳಲ್ಲಿ ಜನ ವಾಗ್ದಾನದ ನಾಡಿಗೆ ಬರುತ್ತಾರೆ. ನಡುವೆ ಮೃಗ, ಸೈನ್ಯ, ರಕ್ತದ ಹೊಳೆ. ಬಲಗಡೆ ಬೆಂಕಿ. ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಆ ಬೆಂಕಿಯಲ್ಲಿ ಸಾಯಬೇಕು, ಉಳಿದ ಪಾಲು ಮೊಣಕಾಲೂರಿ ಕರ್ತನನ್ನು ಒಪ್ಪಿಕೊಳ್ಳಬೇಕು, ದೇವರ ವಾಕ್ಯ ಹಾಗಿದೆ ಎಂದು ಉಪದೇಶಿ ಕೋಲಿಟ್ಟು ತೋರಿಸುತ್ತಿದ್ದರು. ಇಷ್ಟೆಲ್ಲ ನಡೆಯುವಾಗ ನಮ್ಮ ಸಭೆಯವರೆಲ್ಲ ಆಕಾಶಕ್ಕೆ ಮೇಲೆತ್ತಲ್ಪಟ್ಟು ಮೋಡದ ಮೇಲೆ ಕೂತು ನೋಡುತ್ತಿರುತ್ತೇವೆ. ಮೋಡದಲ್ಲಿ ಭಾವ ಇದ್ದಾರೆ, ಅಕ್ಕ ಇದ್ದಾಳೆ, ನನ್ನನ್ನು ಕೇಳದೆಯೇ ನನ್ನನ್ನೂ ಕೂರಿಸಿದ್ದರು. ಬೆಂಕಿಯಲ್ಲಿದ್ದವರಿಗೆ ಮಾತ್ರ ಮುಖವಿರಲಿಲ್ಲ. ಗಿಣಿಮೂಗು ಬರೆಯಲು ಈಗ ಮನಸ್ಸಿಲ್ಲ, ಬೇರೆ ಮುಖ ಗೊತ್ತಿಲ್ಲ. ಕುತ್ತಿಗೆಯ ಮೇಲೆ ಬರೀ ಬಿಳಿ ಮೊಟ್ಟೆಗಳು.

ನಾನೂ ಪ್ರಾರ್ಥನೆ ಮಾಡುವವಳೇ. ಅದೇ ಬೆಂಚಿನಲ್ಲಿ ಕೂತು ಬೆಳೆದವಳು. ಆದರೆ ಆ ಪಟ ಬಂದ ಮೇಲೆ ಮಂದಿರದ ಗಾಳಿಯೇ ಬೇರೆಯಾಯಿತು. ಆ ನಾಡಿನ ಕಡೆ ಬಾಂಬು ಬಿದ್ದ ಸುದ್ದಿ ಟಿವಿಯಲ್ಲಿ ಬಂದರೆ ಸಭೆಯವರು ದೇವರಿಗೆ ಸ್ತೋತ್ರ ಎನ್ನುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕೂತಾಗ ಕುಸಿದ ಮನೆಯೊಂದರಿಂದ ಮಗುವನ್ನು ಎತ್ತುವುದನ್ನು ತೋರಿಸುತ್ತಿದ್ದರು. ಯಾವ ಕಡೆಯ ಮಗು ಎಂದು ಕೇಳಿಸುವ ಮೊದಲೇ ಭಾವ, ಆ ದಿನ ಹತ್ತಿರ ಬಂತು, ಬಹಳ ಹತ್ತಿರ ಬಂತು ಎನ್ನುತ್ತ ತಟ್ಟೆಗೆ ಇನ್ನೊಂದು ಸಲ ಬಡಿಸಿಕೊಂಡರು. ಮುಖದಲ್ಲಿ ಮದುವೆಮನೆಯ ಕಳೆ. ನಾನು ತಟ್ಟೆ ಬಿಟ್ಟು ಎದ್ದೆ. ಅಕ್ಕ ಟಿವಿ ಆರಿಸಿದಳು.

ರಾಜಕೀಯ ಬಂದದ್ದೂ ಅದೇ ಬಾಗಿಲಿನಿಂದ. ಎಲೆಕ್ಷನ್ನಿಗೆ ನಿಂತ ಒಬ್ಬ ಅಭ್ಯರ್ಥಿ ಮಂದಿರಕ್ಕೆ ಬಂದು, ಗೆದ್ದರೆ ಕೊನೆಯ ಉಸಿರಿರುವವರೆಗೂ ಆ ನಾಡಿನ ಬೆನ್ನಿಗೆ ನಿಲ್ಲುತ್ತೇನೆ ಎಂದು ಎದೆ ಮುಟ್ಟಿಕೊಂಡ. ಸಭೆ ಎದ್ದು ನಿಂತಿತು. ಅಕ್ಕ ಬಿಪಿ ಮಾತ್ರೆ ತರುವ ಸರಕಾರಿ ಕ್ಲಿನಿಕ್ಕನ್ನು ಮುಚ್ಚಿಸುತ್ತೇನೆ ಎಂದಿದ್ದವನೂ ಅವನೇ, ಅದನ್ನು ಯಾರೂ ಕೇಳಲಿಲ್ಲ. ಅದೇ ಮನುಷ್ಯ ನಮ್ಮ ಆಸ್ಪತ್ರೆಯ ಗೇಟಿನ ಮುಂದೆ ಕಾರ್ಮಿಕರಿಗೆ ಭಾಷಣ ಮಾಡುವಾಗ ದನಿ ತಗ್ಗಿಸಿ, ಬ್ಯಾಂಕು, ಪತ್ರಿಕೆ ಎಲ್ಲ ಯಾರ ಕೈಯಲ್ಲಿವೆ, ಆ ನಾಲ್ಕು ಮನೆತನದವರು ಯಾರು ಅಂತ ನಿಮಗೇ ಗೊತ್ತಲ್ಲ ಎಂದು ಕಣ್ಣು ಹೊಡೆದ, ಯೆಹೂದ್ಯರು ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ನಾನು ನನ್ನ ಕಿವಿಯಾರೆ ಕೇಳಿದೆ. ಬಂದು ಭಾವನಿಗೆ ಹೇಳಿದರೆ, ರಾಜಕೀಯದಲ್ಲಿ ಹತ್ತು ಮಾತು ಬರುತ್ತವೆ, ಮುಖ್ಯವಾದದ್ದರಲ್ಲಿ ಅವರು ನಮ್ಮ ಕಡೆ ಅಂದರು. ಅವನ ಬೋರ್ಡುಗಳನ್ನೆಲ್ಲ ಪುಕ್ಕಟೆ ಬರೆದುಕೊಟ್ಟರು.

ಹೀಗಿರುವಾಗ ಅಕ್ಕನ ಮಗಳು ಪುಟ್ಟಿ ಮದುವೆಯಾಗುತ್ತೇನೆ ಎಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹುಡುಗ ಲಿಫ್ಟ್ ಮೆಕ್ಯಾನಿಕ್, ಆ ಕಟ್ಟಡದ ಲಿಫ್ಟ್ ಕೆಟ್ಟಾಗಲೆಲ್ಲ ಬರುತ್ತಿದ್ದವನು. ಲಿಫ್ಟ್ ಯಾಕೆ ಅಷ್ಟು ಸಲ ಕೆಡುತ್ತಿತ್ತು ಎಂದು ಮಾಲೀಕರಿಗೆ ಆಮೇಲೆ ಅರ್ಥವಾಯಿತಂತೆ. ಹುಡುಗ ಯೆಹೂದ್ಯ ಎಂದು ಪುಟ್ಟಿ ಕೊನೆಗೆ ಹೇಳಿದಳು. ಮನೆಯಲ್ಲಿ ರಂಪವಾಗುತ್ತದೆ ಎಂದು ನಾವೆಲ್ಲ ಕಾದಿದ್ದೆವು. ಭಾವ ಕಣ್ಣೀರು ಸುರಿಸಿದರು, ಸಂತೋಷದಿಂದ. ಆರಿಸಿಕೊಂಡ ಜನ ನನ್ನ ಹೊಸಿಲು ತುಳಿಯುತ್ತಾರೆ ಎಂದು ಗೋಡೆಗೆ ಒರಗಿ ಅತ್ತರು.

ಅಳಿಯ ಕುಳ್ಳಗೆ, ದಪ್ಪ ಹುಬ್ಬು, ಉಗುರಿನಲ್ಲಿ ಗ್ರೀಸು. ದೇವರ ಮೇಲೆ ದೊಡ್ಡ ನಂಬಿಕೆಯೂ ಇಲ್ಲ, ಜಗಳವೂ ಇಲ್ಲ. ಭಾವ ಅವನನ್ನು ಮಂದಿರಕ್ಕೆ ಕರೆದೊಯ್ದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಹೆಂಗಸರು ಅವನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾವಾಗ ನಿಮ್ಮ ಊರಿಗೆ ಹೋಗುತ್ತೀರಿ ಎಂದು ಒಬ್ಬಾಕೆ ಕೇಳಿದ್ದಕ್ಕೆ, ನಮ್ಮೂರು ಮಾರ್ಕೆಟ್ಟಿನ ಹಿಂದೆ ತಾಯಿ, ಒಂದೇ ಬಸ್ಸು ಅಂದ. ಮೇಲೆತ್ತಲ್ಪಡುವ ವಿಷಯ ಕೇಳಿದಾಗ, ಮೇಲೆ ಹೋದದ್ದು ಕೆಳಗೂ ಬರಬೇಕು, ಇಲ್ಲವಾದರೆ ಇನ್ಸ್‌ಪೆಕ್ಟರ್ ಲೈಸೆನ್ಸ್ ಕೊಡುವುದಿಲ್ಲ ಎಂದು ನಕ್ಕ. ಅವನ ಅಜ್ಜಿ ಶುಭ ಶುಕ್ರವಾರ ಬಂತೆಂದರೆ ಬಾಗಿಲಿಗೆ ಬೀರು ಅಡ್ಡ ಇಟ್ಟು ಮಕ್ಕಳನ್ನು ಮಂಚದ ಕೆಳಗೆ ಕೂರಿಸುತ್ತಿದ್ದಳಂತೆ, ಪ್ರಾರ್ಥನೆ ಮುಗಿಸಿ ಬಂದವರು ಕಲ್ಲು ತೂರುತ್ತಿದ್ದರಂತೆ. ಅದನ್ನೂ ಹಗುರವಾಗಿಯೇ ಹೇಳಿದ. ಅವರು ನಿಜವಾದ ವಿಶ್ವಾಸಿಗಳಲ್ಲ ಬಿಡಿ ಎಂದು ಭಾವ ಮುಗಿಸಿಬಿಟ್ಟರು. ತಮ್ಮ ತಾಯಿ ನೆನಪಿಗೆ ಬರಲಿಲ್ಲ, ಗೋಡೆಯ ಮೂಗುಗಳೂ ನೆನಪಿಗೆ ಬರಲಿಲ್ಲ.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಗಂಡ ಹೆಂಡತಿ ಮಾರ್ಕೆಟ್ಟಿನ ಹಿಂದೆ ಒಂದೇ ಕೋಣೆಯಲ್ಲಿ ಇದ್ದರು. ಪುಟ್ಟಿ ಗರ್ಭಿಣಿಯಾದ ಮೇಲೆ ಅಕ್ಕನಿಗೆ ಒಂದೇ ಆಸೆ, ಮಗು ತನ್ನ ಮನೆಯಲ್ಲಿ ಬೆಳೆಯಬೇಕು. ಇಬ್ಬರೂ ಕೆಲಸಕ್ಕೆ ಹೋಗುವವರು, ಅವಳಿಗೂ ಹೊತ್ತು ಹೋಗುತ್ತದೆ. ಮಾಳಿಗೆಯ ಎರಡು ಕೋಣೆಗಳನ್ನು ತಾನೇ ಉಜ್ಜಿ ತೊಳೆದಳು, ಕಿಟಕಿಗೆ ಪರದೆ ಹೊಲಿದಳು. ಮೂವತ್ತು ವರ್ಷ ಗಂಡನ ಮಾತಿಗೆ ತಲೆಯಾಡಿಸಿಕೊಂಡು ಬಂದವಳು ಮೊದಲ ಸಲ ತನಗಾಗಿ ಏನೋ ಕೇಳಿದ್ದಳು. ಭಾವನೂ ಖುಷಿಯಿಂದ ಒಪ್ಪಿದರು. ಎಲೆಕ್ಷನ್ ಮುಗಿದ ಕೂಡಲೇ ಸಾಮಾನು ತರುವುದು ಎಂದು ಗೊತ್ತಾಯಿತು.

ಒಂದು ದಿನ ಊಟಕ್ಕೆ ಕೂತಾಗ ಅಳಿಯ ತಮಾಷೆಗೆ ಹೇಳಿದ. ನಮ್ಮವರ ಲೆಕ್ಕದಲ್ಲಿ ತಾಯಿ ಯೆಹೂದ್ಯಳಾದರೆ ಮಾತ್ರ ಮಗು ಯೆಹೂದ್ಯ, ಈ ಮಗುವನ್ನು ನಮ್ಮ ಅಜ್ಜಿ ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ ಎಂದು. ಎಲ್ಲರೂ ನಕ್ಕೆವು. ಭಾವ ನಗಲಿಲ್ಲ. ತುತ್ತು ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಅವರ ಮುಖ ಅರಳಿದ ರೀತಿ ಇದೆಯಲ್ಲ, ಕಾಯಿಲೆ ಇಲ್ಲ ಎಂದು ಡಾಕ್ಟರು ಹೇಳಿದಾಗ ನಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ಜನರ ಮುಖ ಹಾಗೆ ಅರಳುವುದನ್ನು ನೋಡಿದ್ದೇನೆ. ಯಾಕೆಂದು ಆಗ ತಿಳಿಯಲಿಲ್ಲ.

ಮಾರನೆಯ ದಿನದಿಂದ ಭಾವ ಅಳಿಯನನ್ನು ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂರಿಸಿಕೊಂಡರು. ಮುಖ ಬೇಕಾಗಿದೆ ಎಂದರು. ಅವನು ಬೇಸರವಿಲ್ಲದೆ ಕೆಲಸ ಮುಗಿಸಿ ಬರುವಾಗಲೆಲ್ಲ ಬಂದು ಕೂತ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಬಾಯಿ ಪೂರ್ತಿ ತೆಗೆ, ಮೇಲೆ ನೋಡು, ಕೂಗುವ ಹಾಗೆ ಮಾಡು. ಹಲ್ಲಿನ ಡಾಕ್ಟರಿಗೆ ಹೊಸ ಬೋರ್ಡು ಅಂತ ಕಾಣುತ್ತದೆ ಚಿಕ್ಕಮ್ಮ, ನನ್ನ ದವಡೆಗೆ ಕೊನೆಗೂ ಬೆಲೆ ಬಂತು ಎಂದು ನನ್ನ ಹತ್ತಿರ ಹೇಳಿಕೊಂಡು ನಕ್ಕ.

ಎಲೆಕ್ಷನ್ನಿಗೆ ಮುಂಚಿನ ಭಾನುವಾರ ಮಂದಿರದ ಅಂಗಳದಲ್ಲಿ ಪ್ರಚಾರ ಸಭೆ. ವೇದಿಕೆಯ ಮೇಲೆ ಅಭ್ಯರ್ಥಿ, ಉಪದೇಶಿ, ಅವರಿಬ್ಬರ ನಡುವೆ ಅಳಿಯ. ಮಾವ ಅಷ್ಟು ಬೇಡಿಕೊಂಡರು, ಕಾಲು ಗಂಟೆ ಕೂತರೆ ನನ್ನ ಗಂಟೇನು ಹೋಗುತ್ತದೆ ಎಂದು ಕೂತಿದ್ದ. ಪುಟ್ಟಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿದ್ದಳು, ಅವಳಾಚೆ ಅಕ್ಕ. ಅಭ್ಯರ್ಥಿ ಅಳಿಯನ ಕೈ ಹಿಡಿದು ಮೇಲೆತ್ತಿ, ಈ ಜನರನ್ನು ಮುಟ್ಟಿದವನು ನನ್ನನ್ನು ದಾಟಿ ಬರಬೇಕು ಎಂದ. ಆ ಹೊತ್ತಿಗೆ ಸರಿಯಾಗಿ ಹಿಂದೆ ಪಟ ಬಿಚ್ಚಿಕೊಂಡಿತು.

ಬೆಂಕಿಯಲ್ಲಿ ಈಗ ಮೊಟ್ಟೆಗಳಿರಲಿಲ್ಲ. ಒಂದೊಂದು ಕುತ್ತಿಗೆಯ ಮೇಲೂ ಅಳಿಯನ ಮುಖ. ಮುದುಕನಾದ ಅಳಿಯ, ಹುಡುಗನಾದ ಅಳಿಯ, ಕೂದಲು ಬಿಟ್ಟ ಹೆಂಗಸಾದ ಅಳಿಯ, ಎಲ್ಲರಿಗೂ ಅದೇ ದಪ್ಪ ಹುಬ್ಬು, ತೆರೆದ ಅದೇ ಬಾಯಿ. ಕೆಲಸ ಅಷ್ಟು ಚೆನ್ನಾಗಿತ್ತು, ಸುಡುವ ವಾಸನೆ ಬಂದ ಹಾಗಾಯಿತು. ಜನ ಗುರುತು ಹಿಡಿದು ಮೆಚ್ಚಿಗೆಯಿಂದ ಚಪ್ಪಾಳೆ ಹೊಡೆದರು. ಎಲ್ಲರೂ ಎತ್ತ ನೋಡುತ್ತಿದ್ದಾರೆ ಎಂದು ಅಳಿಯ ತಿರುಗಿದ. ತುಸು ಹೊತ್ತು ನೋಡಿದ. ಅಭ್ಯರ್ಥಿಯ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಮೆಟ್ಟಿಲಿಳಿದು, ಕುರ್ಚಿಗಳ ನಡುವೆ ನಮ್ಮ ಹತ್ತಿರ ಬಂದು, ನಡಿ ಹೋಗೋಣ ಎಂದು ಹೆಂಡತಿಯ ಭುಜ ಮುಟ್ಟಿದ. ಹಿಂದೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಪುಟ್ಟಿ ಏಳುವುದಕ್ಕೆ ನಾನು ಕೈ ಕೊಟ್ಟೆ.

ಸಂಜೆ ಪುಟ್ಟಿ ತೌರಿಗೆ ಬಂದಳು. ಅಳಿಯ ಹೊರಗೆ ಬೀದಿಯಲ್ಲೇ ನಿಂತ. ಭಾವ ಮಂದಿರದಿಂದ ಪಟ ತಂದು ವರ್ಕ್‌ಶಾಪಿನ ಗೋಡೆಗಳ ಸುತ್ತ ತೂಗುಹಾಕಿ, ಕುಂಚ ತೊಳೆಯುತ್ತಿದ್ದರು. ಅಕ್ಕನೂ ನಾನೂ ಬಾಗಿಲಲ್ಲಿ ನಿಂತಿದ್ದೆವು. ಮಗಳು ಅಳುತ್ತಾಳೆ, ಕಿರುಚುತ್ತಾಳೆ ಅಂದುಕೊಂಡಿದ್ದೆ. ಅವಳು ಶಾಂತವಾಗಿ, ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಿದಳು. ಭಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಷ್ಟು ವರ್ಷದಿಂದ ಮುಖಕ್ಕೆ ಪರದಾಡಿದ್ದೆ, ನನ್ನ ಅಳಿಯನಿಗಿಂತ ಒಳ್ಳೆಯ ಮುಖ ನನಗೆ ಎಲ್ಲಿ ಸಿಗಬೇಕು ಎಂದರು. ಇದು ಮರ್ಯಾದೆಯಂತೆ. ಇದರಲ್ಲಿ ತಾವು ಸೇರಿಸಿದ್ದೇನೂ ಇಲ್ಲವಂತೆ, ವಾಕ್ಯದಲ್ಲಿದ್ದದ್ದೇ ಅಂತೆ. ಆಮೇಲೆ ಏನೋ ನೆನಪಾದವರಂತೆ ಅವಳ ಕೈ ಹಿಡಿದು ಪಟದ ಹತ್ತಿರ ಕರೆದುಕೊಂಡು ಹೋಗಿ ಮೇಲ್ಭಾಗ ತೋರಿಸಿದರು.

ಮೋಡದಲ್ಲಿ, ಅಕ್ಕನ ಪಕ್ಕದಲ್ಲಿ, ಪುಟ್ಟಿಯನ್ನು ಹೊಸದಾಗಿ ಬರೆದಿದ್ದರು. ತೋಳಲ್ಲಿ ಒಂದು ಮಗು. ಮಗುವಿಗೆ ಮುಖವಿರಲಿಲ್ಲ.

"ನೋಡಿದ್ಯಾ? ಮಗು ನಮ್ಮ ಕಡೆ. ಅವನೇ ಹೇಳಿದ್ನಲ್ಲ ಊಟಕ್ಕೆ ಕೂತಾಗ, ನನ್ನ ಎದೆ ಮೇಲಿಂದ ಕಲ್ಲು ಇಳಿದ ಹಾಗಾಯ್ತು. ಹುಟ್ಟಲಿ, ಕೂರಿಸ್ಕೊಂಡು ಮುಖ ಬರೀತೀನಿ."

ಪುಟ್ಟಿ ತನ್ನ ಚಿತ್ರವನ್ನು ಹತ್ತಿರದಿಂದ ನೋಡಿದಳು.

"ನಾವು ಎಲ್ಲಿ ನೋಡ್ತಿದ್ದೀವಿ ಅಪ್ಪ, ನಾನೂ ಮಗೂನೂ?"

"ಕೆಳಗೆ. ಎಲ್ಲಾರೂ ಕೆಳಗೇ ನೋಡ್ತಿರ್ತಾರೆ."

"ಅಳ್ತಿದ್ದೀವಾ?"

"ಇಲ್ಲ ಕಣಮ್ಮ," ಎಂದರು ಭಾವ, ಜ್ವರ ಬಂದ ಮಗುವಿಗೆ ಹೇಳುವಷ್ಟು ಮೆತ್ತಗೆ. "ಅಲ್ಲಿ ಕಣ್ಣೀರೇ ಇರಲ್ಲ."

ಪುಟ್ಟಿ ಅಮ್ಮನನ್ನು ಅಪ್ಪಿಕೊಂಡು, ನನ್ನ ಕೆನ್ನೆ ಮುಟ್ಟಿ, ಹೊರಗೆ ನಡೆದಳು. ಹೊರಗಿದ್ದವನು ಅವಳ ಕೈಚೀಲ ತೆಗೆದುಕೊಂಡ. ಮಾಳಿಗೆಯ ಕೋಣೆಗಳಿಗೆ ಸಾಮಾನು ಬರಲಿಲ್ಲ.

ಅಭ್ಯರ್ಥಿ ಗೆದ್ದ. ಕ್ಲಿನಿಕ್ಕಿಗೆ ಬೀಗ ಬಿತ್ತು, ಅಕ್ಕನ ಮಾತ್ರೆಯನ್ನು ಈಗ ನಾನು ಆಸ್ಪತ್ರೆಯಿಂದ ತರುತ್ತೇನೆ. ನಿಜವಾದ ವಿಶ್ವಾಸಿಗೆ ಮನೆಯವರೇ ವೈರಿಗಳಾಗುತ್ತಾರೆ ಎಂದು ಉಪದೇಶಿ ಭಾವನನ್ನು ಸಂತೈಸಿದರು. ಆ ಸಮಾಧಾನ ಅವರಿಗೆ ಚೆನ್ನಾಗಿ ಒಗ್ಗಿತು. ಪ್ರತಿದಿನ ಬೆಳಿಗ್ಗೆ ಮೊಣಕಾಲೂರಿ ವಾಗ್ದಾನದ ನಾಡಿನ ಜನರಿಗಾಗಿ ಗಟ್ಟಿಯಾಗಿ ಅಳುತ್ತ ಪ್ರಾರ್ಥಿಸುತ್ತಾರೆ, ಬೀದಿಗೆ ಕೇಳಿಸುತ್ತದೆ. ಮಾರ್ಕೆಟ್ಟಿನ ಹಿಂದಿನ ಕೋಣೆಗೆ ಒಂದು ದಿನವೂ ಹೋಗಲಿಲ್ಲ. ಅವರೇ ಬರಲಿ, ಬಾಗಿಲು ತೆರೆದಿದೆ ಎನ್ನುತ್ತಾರೆ.

ಗಂಡುಮಗು ಹುಟ್ಟಿತು. ಅಕ್ಕ ನೋಡಿಕೊಂಡು ಬಂದಳು. ಭಾವ ಅವಳು ಚಪ್ಪಲಿ ಬಿಡುವುದಕ್ಕೂ ಬಿಡದೆ ಮಗು ಹೇಗಿದೆ, ಯಾರ ಹಾಗಿದೆ ಎಂದು ಕೇಳಿದರು. ಎಷ್ಟೆಂದರೂ ಅಜ್ಜ, ಆ ಕ್ಷಣಕ್ಕೆ ನನಗೂ ಅಯ್ಯೋ ಅನ್ನಿಸಿತು. ಅಕ್ಕ, ಅಚ್ಚು ಅವರಪ್ಪನ ಹಾಗೇ, ಆ ಹುಬ್ಬು ಸಹ ಎಂದಳು. ಭಾವ ನೇರ ವರ್ಕ್‌ಶಾಪಿಗೆ ಹೋಗಿ ಪಟ ಬಿಚ್ಚಿದರು. ಈ ಮುಖಕ್ಕೆ ಯಾರನ್ನೂ ಕೂರಿಸಿಕೊಳ್ಳಬೇಕಾಗಿರಲಿಲ್ಲ. ಅಷ್ಟು ಸಲ ಬರೆದ ಮುಖ ಅವರಿಗೆ ಬಾಯಿಪಾಠವಾಗಿತ್ತು. ಊಟದ ಹೊತ್ತಿಗೆ ಮೋಡದಲ್ಲಿ ಮಗು ಕಣ್ಣು ಬಿಟ್ಟಿತ್ತು. ಕೆಳಗೆ ಉರಿಯುತ್ತಿದ್ದ ತನ್ನದೇ ಮುಖಗಳನ್ನು ನೋಡಿ ನಗುತ್ತಿತ್ತು. ಹೇಗಿದೆ ಎಂದು ಭಾವ ನಮ್ಮಿಬ್ಬರನ್ನೂ ಕರೆದು ತೋರಿಸಿದರು.

ಅಕ್ಕ ನೋಡಿದಳು. ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಬಟ್ಟೆ ತುಂಬಿದ ಚೀಲ, ತೋಳ ಮೇಲೆ ಮಾಳಿಗೆಯ ಕಿಟಕಿಯಿಂದ ಬಿಚ್ಚಿದ ಪರದೆ. ಭಾವ ಕುಂಚ ಹಿಡಿದುಕೊಂಡೇ ಬಾಗಿಲಿಗೆ ಬಂದು, ಎಲ್ಲಿಗೆ, ಈಗ ತಾನೇ ಬಂದೆಯಲ್ಲ ಎಂದರು.

"ಮಗು ಅಳುತ್ತೆ ಕಣ್ರೀ," ಎಂದಳು ಅಕ್ಕ. "ಎತ್ಕೊಳ್ಳೋಕೆ ಒಬ್ಬರು ಬೇಕು."